ಮದ್ಯ ಇಲ್ಲದ ಪಿನಾ ಕೊಲಾಡಾ: ಹಣ್ಣು ಆರಿಸುವುದರಿಂದ ಲೋಟ ತುಂಬುವವರೆಗೆ

ಬೆಂಗಳೂರಿನ ಎಷ್ಟೋ ಕೆಫೆಗಳ ಮೆನುವಿನಲ್ಲಿ ‘ವರ್ಜಿನ್ ಪಿನಾ ಕೊಲಾಡಾ’ ಇರುತ್ತದೆ. ಅನಾನಸ್, ತೆಂಗು, ರಮ್ ಸೇರಿಸಿ ಮಾಡುವ ಪಿನಾ ಕೊಲಾಡಾವನ್ನು ರಮ್ ಇಲ್ಲದೆ ಮಾಡಿದರೆ ಆ ಹೆಸರು. ಅನೇಕ ಕಡೆ ಅದು ಡಬ್ಬಿಯ ಅನಾನಸ್ ಜ್ಯೂಸ್, ಸಕ್ಕರೆ ಪಾಕ ಮತ್ತು ಒಂದು ಉಂಡೆ ವೆನಿಲಾ ಐಸ್‌ಕ್ರೀಮ್ ಅಷ್ಟೇ. ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಬಾಯಿ ಕಟ್ಟುತ್ತದೆ. ರಮ್ ತೆಗೆದ ಜಾಗಕ್ಕೆ ಸಿಹಿ ತುಂಬಿದ್ದರಿಂದ ಹೀಗಾಗುತ್ತದೆ. ರಮ್ ಆ ಲೋಟಕ್ಕೆ ಕೊಡುತ್ತಿದ್ದುದು ಸಿಹಿ ಅಲ್ಲವೇ ಅಲ್ಲ. ಗಂಟಲಲ್ಲಿ ಒಂದು ಚುರುಕು, ನಾಲಿಗೆ ಮೇಲೆ ಸ್ವಲ್ಪ ಒಗರು, ಮೂಗಿಗೆ ಕಬ್ಬಿನ ಮತ್ತು ಮಸಾಲೆಯ ಘಮ. ಈ ಮೂರನ್ನು ಬೇರೆ ದಾರಿಯಿಂದ ತಂದುಕೊಂಡರೆ ಮದ್ಯ ಇಲ್ಲದ ಪಿನಾ ಕೊಲಾಡಾ ನಿಜಕ್ಕೂ ಚೆನ್ನಾಗಿರುತ್ತದೆ. ಅದಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಅಡುಗೆಮನೆಯಲ್ಲೇ ಇದೆ.

ರಾಮನವಮಿಯ ಪಾನಕ ನೆನಪು ಮಾಡಿಕೊಳ್ಳಿ. ಅಷ್ಟು ಬೆಲ್ಲ ಇದ್ದರೂ ಇನ್ನೊಂದು ಲೋಟ ಕುಡಿಯೋಣ ಅನಿಸುತ್ತದೆ, ಅಲ್ವಾ? ಬೆಲ್ಲದ ಪಕ್ಕದಲ್ಲೇ ನಿಂಬೆಯ ಹುಳಿ ಇದೆ, ಮೆಣಸು ಮತ್ತು ಶುಂಠಿಯ ಖಾರ ಇದೆ. ಇಲ್ಲಿ ನಾವು ಮಾಡುವುದೂ ಅದೇ ಲೆಕ್ಕದಲ್ಲಿ.

ಈ ಪಾನೀಯದ ಊರು ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪ. ಅಲ್ಲಿನ ಸಾನ್ ಹುವಾನ್ ನಗರದ ಕರೀಬೆ ಹಿಲ್ಟನ್ ಹೋಟೆಲಿನವರು, ತಮ್ಮಲ್ಲಿ ಕೆಲಸ ಮಾಡುತ್ತಿದ್ದ ರಾಮೋನ್ ಮರ್ರೆರೊ 1954ರಲ್ಲಿ ಇದನ್ನು ಮಾಡಿದರು ಎನ್ನುತ್ತಾರೆ. ಅದೇ ಊರಿನ ಇನ್ನೊಂದು ರೆಸ್ಟೊರೆಂಟ್ ‘ಅಲ್ಲ, ನಮ್ಮಲ್ಲೇ ಹುಟ್ಟಿದ್ದು’ ಎನ್ನುತ್ತದೆ. 1978ರಲ್ಲಿ ಪೋರ್ಟೊ ರಿಕೊ ಇದನ್ನು ತನ್ನ ಅಧಿಕೃತ ಪಾನೀಯ ಎಂದು ಘೋಷಿಸಿತು. ಮೂಲದಲ್ಲಿ ಇರುವುದು ಅನಾನಸ್ ರಸ, ಸಿಹಿ ಹಾಕಿ ಗಟ್ಟಿ ಮಾಡಿದ ತೆಂಗಿನ ಕೆನೆ ಮತ್ತು ರಮ್. ಆ ತೆಂಗಿನ ಕೆನೆ ‘ಕೋಕೊ ಲೋಪೆಸ್’ ಎಂಬ ಹೆಸರಿನಲ್ಲಿ ಡಬ್ಬಿಯಲ್ಲಿ ಬರತೊಡಗಿದ ಮೇಲೇ ಈ ಪಾನೀಯ ಮಾಡುವುದು ಸುಲಭವಾಯಿತು. ತೆಂಗಿನ ಹಾಲು ಹಿಂಡುವುದು ಅಲ್ಲಿನವರಿಗೆ ದೊಡ್ಡ ಕೆಲಸವಾಗಿತ್ತು. ಕಾಯಿಹಾಲು ಪಾಯಸ ಮಾಡುವ ಮನೆಯವರಿಗೆ ಅದು ದಿನದ ಕೆಲಸ. ಹಾಗಾಗಿ ಡಬ್ಬಿ ನಮಗೆ ಬೇಡ.

ಮುಂದಿನ ಅಳತೆ ನಾಲ್ಕು ಲೋಟಕ್ಕೆ, ಒಂದೊಂದು ಸುಮಾರು 220 ಮಿಲಿ.

ಏನೇನು ಬೇಕು

ಒಂದೂವರೆ ಕಿಲೋ ತೂಕದ ಒಂದು ಅನಾನಸ್. ಒಂದು ಬಲಿತ ತೆಂಗಿನಕಾಯಿ. ಸಕ್ಕರೆ 3 ದೊಡ್ಡ ಚಮಚ, ಪುಡಿ ಮಾಡಿದ ಬೆಲ್ಲ 1 ದೊಡ್ಡ ಚಮಚ. ರಸ ತುಂಬಿದ ನಿಂಬೆಹಣ್ಣು 2. ಹಸಿ ಶುಂಠಿ ಎರಡು ಇಂಚು. ಲವಂಗ 3, ಚಕ್ಕೆ ಒಂದು ಚಿಕ್ಕ ಚೂರು, ಟೀ ಪುಡಿ 1 ಚಿಕ್ಕ ಚಮಚ. ಉಪ್ಪು. ಲೋಟದ ಅಂಚಿಗೆ ಬೇಕಿದ್ದರೆ ಬ್ಯಾಡಗಿ ಮೆಣಸಿನಪುಡಿ.

ಪಟ್ಟಿಯಲ್ಲಿ ಐಸ್ ಇಲ್ಲ. ಮರೆತು ಬಿಟ್ಟಿದ್ದಲ್ಲ. ತಂಪು ಹಣ್ಣಿನಿಂದಲೇ ಬರುತ್ತದೆ. ಐಸ್ ಕರಗಿದರೆ ನೀರು, ಹಣ್ಣು ಕರಗಿದರೆ ಹಣ್ಣೇ.

ಹಣ್ಣು ಆರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಕಾದದ್ದು ಇಲ್ಲಿ. ಹಣ್ಣು ಸಪ್ಪೆಯಾದರೆ ಮುಂದೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಬಾಳೆ, ಮಾವು, ಪಪ್ಪಾಯಿ ಕಿತ್ತ ಮೇಲೂ ಹಣ್ಣಾಗುತ್ತವೆ. ಅನಾನಸ್ ಹಾಗಲ್ಲ. ಗಿಡದಿಂದ ಕಿತ್ತ ದಿನ ಎಷ್ಟು ಸಿಹಿ ಇತ್ತೋ ಅಷ್ಟೇ. ಮನೆಗೆ ತಂದು ನಾಲ್ಕು ದಿನ ಇಟ್ಟರೆ ಸಿಪ್ಪೆ ಹಳದಿ ಆಗಬಹುದು, ತಿರುಳು ಮೆತ್ತಗಾಗಬಹುದು, ಸಿಹಿ ಮಾತ್ರ ಏರುವುದಿಲ್ಲ. ‘ಇಟ್ಟರೆ ಹಣ್ಣಾಗುತ್ತೆ ತಗೊಳ್ಳಿ’ ಎಂದರೆ ಬೇರೆ ಹಣ್ಣು ಕೇಳಿ.

ಬೆಂಗಳೂರಿಗೆ ಅನಾನಸ್ ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಒಂದು ನಮ್ಮದೇ ಮಲೆನಾಡು: ಬನವಾಸಿ, ಶಿರಸಿ, ಸಾಗರದ ಕಡೆಯ ಹಣ್ಣು. ಅಲ್ಲಿ ಕ್ಯೂ ತಳಿ ಜಾಸ್ತಿ. ಗಾತ್ರ ದೊಡ್ಡದು, ಕಣ್ಣುಗಳು ಚಪ್ಪಟೆ, ರಸ ತುಂಬ, ತಿರುಳು ತಿಳಿ ಹಳದಿ. ಇನ್ನೊಂದು ಕೇರಳದ ವಾಳಕ್ಕುಳಂ ಕಡೆಯ ಮಾರಿಷಸ್ ತಳಿ. ಇದು ಚಿಕ್ಕದು, ಕಣ್ಣುಗಳು ಆಳ, ತಿರುಳು ಗಾಢ ಹಳದಿ, ಘಮ ಜಾಸ್ತಿ. ಸುಮ್ನೆ ಜ್ಯೂಸ್ ಮಾಡುವುದಾದರೆ ಕ್ಯೂ ಚೆನ್ನ. ಪಿನಾ ಕೊಲಾಡಾಗೆ ನನ್ನ ಆಯ್ಕೆ ಮಾರಿಷಸ್. ತೆಂಗಿನ ಹಾಲು ಘಮವನ್ನು ಮುಚ್ಚಿಬಿಡುತ್ತದೆ, ಹಾಗಾಗಿ ಹಣ್ಣಿನಲ್ಲಿ ಘಮ ಸ್ವಲ್ಪ ಹೆಚ್ಚೇ ಇರಬೇಕು.

ಕೆ.ಆರ್. ಮಾರುಕಟ್ಟೆ, ಗಾಂಧಿ ಬಜಾರ್, ಮಲ್ಲೇಶ್ವರದ ಎಂಟನೇ ಕ್ರಾಸ್, ಮನೆ ಹತ್ತಿರದ ಹಾಪ್‌ಕಾಮ್ಸ್, ಎಲ್ಲಿ ಕೊಂಡರೂ ನೋಡುವ ರೀತಿ ಒಂದೇ. ಹಣ್ಣನ್ನು ತಲೆಕೆಳಗು ಮಾಡಿ ತೊಟ್ಟಿನ ಭಾಗವನ್ನು ಮೂಗಿನ ಹತ್ತಿರ ಹಿಡಿಯಿರಿ. ಸಿಹಿ ವಾಸನೆ ಬಂದರೆ ಸರಿ. ಏನೂ ವಾಸನೆ ಇಲ್ಲದಿದ್ದರೆ ಬೇಡ. ಹುಳಿತ ವಾಸನೆ ಇದ್ದರೆ ಹಣ್ಣು ಕೆಡಲು ಶುರುವಾಗಿದೆ. ಕೈಯಲ್ಲಿ ಭಾರ ಅನಿಸಬೇಕು. ಒತ್ತಿದರೆ ಸ್ವಲ್ಪ ಬಗ್ಗಬೇಕು, ಒಳಗೆ ಹೋಗಬಾರದು. ಮೇಲಿನ ಎಲೆ ಕಿತ್ತು ನೋಡುವ ಅಭ್ಯಾಸ ಬಹಳ ಜನರಿಗಿದೆ. ಅದರ ಮೇಲೆ ನಂಬಿಕೆ ಇಡಬೇಡಿ. ಬಣ್ಣದ ಮೇಲೂ ಪೂರ್ತಿ ಬೇಡ. ಸಿಪ್ಪೆ ಅರ್ಧ ಹಸಿರಿದ್ದರೂ ಒಳಗೆ ಸಿಹಿ ಇರುವ ಹಣ್ಣುಗಳು ಸಿಗುತ್ತವೆ.

ತಳ್ಳುಗಾಡಿಯಲ್ಲಿ ಕತ್ತರಿಸಿಟ್ಟ ಹಣ್ಣು ಬೇಡ. ಎಷ್ಟು ಹೊತ್ತು ಬಿಸಿಲಲ್ಲಿತ್ತು, ಯಾವ ನೀರಲ್ಲಿ ತೊಳೆದರು ಎಂದು ಗೊತ್ತಾಗುವುದಿಲ್ಲ. ಇದು ಕುದಿಸದೆ ಕುಡಿಯುವ ಪದಾರ್ಥ.

ಬೆಳಿಗ್ಗೆಯ ಕೆಲಸ: ಹಣ್ಣನ್ನು ಫ್ರೀಜರಿಗೆ

ಸಂಜೆ ಕುಡಿಯುವುದಾದರೆ ಬೆಳಿಗ್ಗೆಯೇ ಶುರು ಮಾಡಿ. ಹಣ್ಣನ್ನು ಸಿಪ್ಪೆ ಸಮೇತ ತೊಳೆಯಿರಿ. ಮೇಲು, ಕೆಳಗು ಕತ್ತರಿಸಿ ನೆಟ್ಟಗೆ ನಿಲ್ಲಿಸಿ ಸಿಪ್ಪೆ ಹೆರೆಯಿರಿ. ಕಣ್ಣುಗಳು ಓರೆ ಸಾಲಿನಲ್ಲಿರುತ್ತವೆ. ಆ ಸಾಲಿನ ಎರಡೂ ಬದಿಗೆ ಚಾಕು ಓಡಿಸಿ ತೆಗೆದರೆ ತಿರುಳು ಹಾಳಾಗುವುದಿಲ್ಲ. ಉದ್ದಕ್ಕೆ ನಾಲ್ಕು ಭಾಗ ಮಾಡಿ ನಡುವಿನ ದಿಂಡು ಬೇರೆ ಮಾಡಿ. ದಿಂಡು ಎಸೆಯಬೇಡಿ, ಮುಂದೆ ಮಾಡುವ ಕಷಾಯಕ್ಕೆ ಬೇಕು.

ಸಿಪ್ಪೆ, ದಿಂಡು ಕಳೆದು ಸುಮಾರು 600 ಗ್ರಾಂ ತಿರುಳು ಉಳಿಯುತ್ತದೆ. ಅದರಲ್ಲಿ 400 ಗ್ರಾಂ ಅನ್ನು ಹೆಬ್ಬೆರಳ ಉಗುರಿನಷ್ಟು ಚಿಕ್ಕ ಚೂರು ಮಾಡಿ, ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರಿನಲ್ಲಿಡಿ. ಡಬ್ಬಿಗೆ ಒಟ್ಟಿಗೆ ತುಂಬಿದರೆ ಕಲ್ಲಿನ ಗಡ್ಡೆ ಆಗುತ್ತದೆ, ಮಿಕ್ಸಿ ಅದನ್ನು ಒಡೆಯಲಾರದು. ಐದಾರು ಗಂಟೆ ಸಾಕು. ಉಳಿದ 200 ಗ್ರಾಂ ಫ್ರಿಜ್ಜಿನ ಕೆಳಗಿನ ಭಾಗದಲ್ಲಿರಲಿ.

ತೆಂಗಿನ ಹಾಲು

ಕಾಯಿ ಬಲಿತದ್ದಿರಬೇಕು. ಅಲ್ಲಾಡಿಸಿದರೆ ನೀರು ಕುಲುಕುವ ಸದ್ದು ಕೇಳಬೇಕು, ಮೂರು ಕಣ್ಣುಗಳ ಹತ್ತಿರ ಒದ್ದೆ ಅಥವಾ ಬೂಸ್ಟು ಇರಬಾರದು. ಎಳನೀರಿನ ಗಂಜಿಯಲ್ಲಿ ಕೊಬ್ಬು ಕಡಿಮೆ, ಒಣ ಕೊಬ್ಬರಿಯಲ್ಲಿ ಎಣ್ಣೆ ವಾಸನೆ ಬರುತ್ತದೆ. ಎರಡೂ ಇಲ್ಲಿಗೆ ಒಗ್ಗುವುದಿಲ್ಲ.

ಕಾಯಿ ತುರಿದು, ಒಂದು ಲೋಟ (200 ಮಿಲಿ) ಬಿಸಿನೀರು ಹಾಕಿ ಮಿಕ್ಸಿಯಲ್ಲಿ ತಿರುವಿ. ನೀರು ಬೆರಳು ತಡೆಯುವಷ್ಟು ಬಿಸಿ ಇರಲಿ, ಕುದಿಯುವುದು ಬೇಡ. ತಣ್ಣೀರಲ್ಲಿ ರುಬ್ಬಿದರೆ ಕೊಬ್ಬು ತುರಿಯಲ್ಲೇ ಉಳಿಯುತ್ತದೆ. ತೆಳುವಾದ ಹತ್ತಿ ಬಟ್ಟೆಯಲ್ಲಿ ಹಾಕಿ ಗಟ್ಟಿಯಾಗಿ ಹಿಂಡಿ. ಮೊದಲ ಹಿಂಡಿಗೆ ಬರುವ ಗಟ್ಟಿ ಹಾಲು ಮಾತ್ರ ನಮಗೆ ಬೇಕು, 200 ಮಿಲಿ. ಎರಡನೇ ಸಲ ಹಿಂಡಿದ ತೆಳು ಹಾಲನ್ನು ಸಾಗುವಿಗೋ ಪಾಯಸಕ್ಕೋ ಇಟ್ಟುಕೊಳ್ಳಿ.

ಈ ಗಟ್ಟಿ ಹಾಲಿಗೆ 3 ದೊಡ್ಡ ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಿ. ಸಕ್ಕರೆ ಕರಗಿ, ಪಾತ್ರೆಯ ಅಂಚಿನಲ್ಲಿ ಚಿಕ್ಕ ಗುಳ್ಳೆ ಕಂಡ ಕೂಡಲೇ ಇಳಿಸಿ. ಕುದಿಸಿದರೆ ಹಾಲು ಒಡೆದು ಎಣ್ಣೆ ತೇಲುತ್ತದೆ. ಕೋಕೊ ಲೋಪೆಸ್ ಡಬ್ಬಿಯಷ್ಟು ಗಟ್ಟಿ ಇದು ಆಗುವುದಿಲ್ಲ. ಆದರೆ ಹೊಸ ಕಾಯಿಯ ರುಚಿ ಆ ಡಬ್ಬಿಯಲ್ಲಿ ಸಿಗುವುದಿಲ್ಲ.

ಪ್ಯಾಕೆಟ್ಟಿನ ತೆಂಗಿನ ಹಾಲು ಬಳಸಬಹುದಾ? ಬಳಸಬಹುದು. ಸಕ್ಕರೆ ಸೇರಿಸದ, ಗಟ್ಟಿ ಹಾಲಿನ ಪ್ಯಾಕೆಟ್ ತಗೊಳ್ಳಿ. ಅದನ್ನೂ ಸಕ್ಕರೆ ಹಾಕಿ ಹೀಗೇ ಬಿಸಿ ಮಾಡಿ.

ಒಂದು ವಿಷಯ ಇಲ್ಲಿ ತಿಳಿದಿರಲಿ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಬೆಂಗಳೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಹೆಪ್ಪುಗಟ್ಟುವುದು ಇದಕ್ಕೇ. ತೆಂಗಿನ ಹಾಲನ್ನು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು ನೇರ ಮಿಕ್ಸಿಗೆ ಹಾಕಿದರೆ ಬಾಯಲ್ಲಿ ಮೇಣದ ಹರಳಿನಂಥ ಚೂರು ಸಿಗುವುದೂ ಇದಕ್ಕೇ. ಹಾಗಾಗಿ ಹಾಲನ್ನು ಅದೇ ದಿನ ಮಾಡಿ, ಆರಿದ ಮೇಲೆ ಅರ್ಧ ಗಂಟೆ ಮಾತ್ರ ಫ್ರಿಜ್ಜಿನಲ್ಲಿಡಿ. ಹಿಂದಿನ ದಿನ ಮಾಡಿಟ್ಟಿದ್ದರೆ ಉಗುರುಬೆಚ್ಚಗೆ ಮಾಡಿ, ಚೆನ್ನಾಗಿ ಕಲಕಿ, ಆರಿಸಿ ಬಳಸಿ. ಹೊರಗೆ ಇಟ್ಟರೆ ಬೇಸಿಗೆಯಲ್ಲಿ ತೆಂಗಿನ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ.

ರಮ್ಮಿನ ಜಾಗಕ್ಕೆ ಒಂದು ಕಷಾಯ

ರಮ್ ಮಾಡುವುದು ಕಬ್ಬಿನ ಕಾಕಂಬಿಯಿಂದ ಅಥವಾ ಕಬ್ಬಿನ ರಸದಿಂದ. ಬೆಲ್ಲವೂ ಕಬ್ಬಿನದೇ. ಆ ಕರಿಕು ಸಿಹಿಯ ಘಮ ಬೆಲ್ಲದಲ್ಲಿ ತಾನಾಗಿಯೇ ಇದೆ. ಮರದ ಪೀಪಾಯಿಯಲ್ಲಿಟ್ಟ ರಮ್ಮಿಗೆ ಮರದಿಂದ ಒಗರು ಬರುತ್ತದೆ. ಆ ಒಗರನ್ನು ಟೀ ಪುಡಿ ಕೊಡುತ್ತದೆ. ಲವಂಗ, ಚಕ್ಕೆ ಮಸಾಲೆಯ ವಾಸನೆಗೆ. ರಮ್ಮಿನ ರುಚಿಯನ್ನೇ ನಕಲು ಮಾಡುವುದು ಉದ್ದೇಶವಲ್ಲ. ರಮ್ ಮಾಡುತ್ತಿದ್ದ ಕೆಲಸ ಆಗಬೇಕು ಅಷ್ಟೇ.

ಅನಾನಸ್ ದಿಂಡನ್ನು ಚೂರು ಮಾಡಿ 200 ಮಿಲಿ ನೀರಿಗೆ ಹಾಕಿ. ಲವಂಗ, ಚಕ್ಕೆ, ಬೆಲ್ಲ ಸೇರಿಸಿ. ಸಣ್ಣ ಉರಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಆಗುವವರೆಗೆ ಕುದಿಸಿ. ಒಲೆ ಆರಿಸಿದ ಮೇಲೆ ಟೀ ಪುಡಿ ಹಾಕಿ ಮುಚ್ಚಿಡಿ. ಮೂರು ನಿಮಿಷ, ಜಾಸ್ತಿ ಬೇಡ. ಹೆಚ್ಚು ಹೊತ್ತು ಬಿಟ್ಟರೆ ಕಹಿ ಬರುತ್ತದೆ. ಸೋಸಿದರೆ ಸುಮಾರು 80 ಮಿಲಿ ಸಿಗುತ್ತದೆ. ಬೆಲ್ಲದಲ್ಲಿ ಮಣ್ಣು, ಕಸ ಇದ್ದರೂ ಸೋಸುವಾಗ ಹೋಗುತ್ತದೆ. ಪೂರ್ತಿ ಆರಿಸಿ ಫ್ರಿಜ್ಜಿನಲ್ಲಿಡಿ.

ಏಲಕ್ಕಿ ಹಾಕುವ ಆಸೆ ಆಗುತ್ತದೆ. ಬೇಡ. ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಸೇರಿದ ಕೂಡಲೇ ಪಾಯಸದ ರುಚಿ ಬಂದು ಅನಾನಸ್ ಹಿಂದೆ ಸರಿಯುತ್ತದೆ.

ಶುಂಠಿಯನ್ನು ಕಷಾಯಕ್ಕೆ ಹಾಕಿ ಕುದಿಸಬೇಡಿ. ಕುದಿಸಿದರೆ ಅದರ ಚುರುಕು ಮೆತ್ತಗಾಗುತ್ತದೆ. ನಮಗೆ ಬೇಕಾದದ್ದು ಆ ಚುರುಕೇ. ತುರಿದು, ಹಿಂಡಿ, ಒಂದು ಚಿಕ್ಕ ಚಮಚದಷ್ಟು ಹಸಿ ರಸ ಬೇರೆ ಇಟ್ಟುಕೊಳ್ಳಿ.

ರುಬ್ಬುವುದು

ಲೋಟಗಳನ್ನು ಹದಿನೈದು ನಿಮಿಷ ಮೊದಲೇ ಫ್ರಿಜ್ಜಿನಲ್ಲಿಡಿ. ಎಲ್ಲರೂ ಕೂತ ಮೇಲೆ ರುಬ್ಬಲು ಶುರು ಮಾಡಿ. ಮೊದಲೇ ಮಾಡಿಟ್ಟುಕೊಂಡು ಕಾಯುವ ಪಾನೀಯ ಇದಲ್ಲ.

ಮೊದಲು ಫ್ರಿಜ್ಜಿನಲ್ಲಿಟ್ಟ 200 ಗ್ರಾಂ ಅನಾನಸ್ ಮತ್ತು ಕಷಾಯವನ್ನು ದೊಡ್ಡ ಜಾರಿಗೆ ಹಾಕಿ ನುಣ್ಣಗೆ ರುಬ್ಬಿ. ಸೋಸಿ, ನಾರು ತೆಗೆದು, ರಸವನ್ನು ಮತ್ತೆ ಜಾರಿಗೆ ಹಾಕಿ. ಈಗ ಸಿಹಿ ತೆಂಗಿನ ಹಾಲು ಸೇರಿಸಿ ಒಂದು ಸುತ್ತು ತಿರುಗಿಸಿ.

ನಂತರ ಹೆಪ್ಪುಗಟ್ಟಿದ ಚೂರುಗಳು. ಫ್ರೀಜರಿನಿಂದ ತೆಗೆದು ಐದು ನಿಮಿಷ ಹೊರಗಿಡಿ, ಸ್ವಲ್ಪ ಬೆವರಲಿ. ನಮ್ಮ ಮಿಕ್ಸಿಗಳನ್ನು ಮಾಡಿರುವುದು ಚಟ್ನಿ, ಮಸಾಲೆ, ಹಿಟ್ಟು ರುಬ್ಬಲು. ಕಲ್ಲಿನಂಥ ಹಣ್ಣನ್ನು ಒಂದೇ ಸಲ ತುಂಬಿದರೆ ಮೋಟರಿಗೆ ಕಷ್ಟ. ಮೂರು ಕಂತಿನಲ್ಲಿ ಹಾಕಿ. ಮೊದಲು ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಓಡಿಸಿ, ಚೂರು ಒಡೆದ ಮೇಲೆ ನಡುವಿನ ವೇಗ. ಒಂದೇ ಸಮನೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಡ, ಜಾರು ಬಿಸಿಯಾಗಿ ಹಣ್ಣು ಕರಗುತ್ತದೆ. ಮಿಕ್ಸಿ ತಟ್ಟನೆ ನಿಂತುಹೋದರೆ ಗಾಬರಿ ಬೇಡ. ಪ್ಲಗ್ ತೆಗೆದು ಕೆಳಗೆ ನೋಡಿ, ಹೆಚ್ಚಿನ ಮಿಕ್ಸಿಗಳ ತಳದಲ್ಲಿ ಒಂದು ಕೆಂಪು ಬಟನ್ ಇರುತ್ತದೆ. ಲೋಡ್ ಜಾಸ್ತಿಯಾದಾಗ ಅದು ಹೊರಗೆ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಒತ್ತಿ, ಒಂದಿಷ್ಟು ಹಣ್ಣು ತೆಗೆದು ಮತ್ತೆ ಓಡಿಸಿ.

ಚಮಚದಲ್ಲಿ ಎತ್ತಿದರೆ ನಿಧಾನಕ್ಕೆ ಜಾರಿ ಬೀಳುವ ಹದ ಬರಬೇಕು. ಕೊನೆಗೆ ನಿಂಬೆರಸ 2 ದೊಡ್ಡ ಚಮಚ, ಶುಂಠಿ ರಸ ಮತ್ತು ಉಪ್ಪು ಹಾಕಿ ಒಂದೇ ಒಂದು ಸುತ್ತು. ಉಪ್ಪು ಕಾಲು ಚಿಕ್ಕ ಚಮಚಕ್ಕಿಂತ ಕಡಿಮೆಯೇ ಇರಲಿ. ಉಪ್ಪಿನ ರುಚಿ ಗೊತ್ತಾಗಬಾರದು, ಅನಾನಸ್ ಎದ್ದು ಕಾಣಬೇಕು.

ರುಚಿ ತಿದ್ದುವುದು

ನಾಲಿಗೆಗೆ ತಂಪು ತಾಗಿದಾಗ ಸಿಹಿ ಕಡಿಮೆ ಗೊತ್ತಾಗುತ್ತದೆ. ಆದ್ದರಿಂದ ಕಷಾಯ, ತೆಂಗಿನ ಹಾಲು ಬೇರೆ ಬೇರೆ ರುಚಿ ನೋಡಿದಾಗ ಸಿಹಿ ಜಾಸ್ತಿ ಅನಿಸಿದರೆ ಚಿಂತೆ ಬೇಡ. ಎಲ್ಲ ಸೇರಿ ತಂಪಾದ ಮೇಲೆ ಕೊಟ್ಟ ರುಚಿಯೇ ಲೆಕ್ಕ.

ಸಪ್ಪೆ ಅನಿಸಿದರೆ ಕೈ ಸಕ್ಕರೆ ಡಬ್ಬಿಗೆ ಹೋಗುತ್ತದೆ. ತಡೆಯಿರಿ. ಮೊದಲು ಅರ್ಧ ಚಮಚ ನಿಂಬೆರಸ ಹಾಕಿ ನೋಡಿ. ಆಗಲೂ ಸಪ್ಪೆ ಇದ್ದರೆ ಒಂದು ಚಿಟಿಕೆ ಉಪ್ಪು. ಸಕ್ಕರೆ ಕೊನೆಗೆ. ಜಿಡ್ಡು ಅನಿಸಿದರೆ ತೆಂಗಿನ ಹಾಲಿನದು, ಅದಕ್ಕೂ ನಿಂಬೆಯೇ ಮದ್ದು. ಗಂಟಲಲ್ಲಿ ಏನೂ ಗೊತ್ತಾಗದಿದ್ದರೆ ಶುಂಠಿ ರಸ ಇನ್ನೂ ಕಾಲು ಚಮಚ. ಮಕ್ಕಳ ಲೋಟಗಳನ್ನು ಶುಂಠಿ ಹಾಕುವ ಮೊದಲೇ ಬೇರೆ ತೆಗೆದಿಟ್ಟರೆ ಒಳ್ಳೆಯದು.

ತಂಪು ಲೋಟದ ಅಂಚಿಗೆ ನಿಂಬೆ ಹೋಳು ಒರೆಸಿ, ಉಪ್ಪು ಮತ್ತು ಬ್ಯಾಡಗಿ ಮೆಣಸಿನಪುಡಿ ಸಮ ಬೆರೆಸಿದ ತಟ್ಟೆಯಲ್ಲಿ ಅರ್ಧ ಸುತ್ತು ಅದ್ದಿ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಉಪ್ಪು ಖಾರ ಸವರಿದ ಅನಾನಸ್ ತಿಂದು ಬೆಳೆದ ನಾಲಿಗೆಗೆ ಇದು ತುಂಬ ಹಿಡಿಸುತ್ತದೆ. ಅರ್ಧ ಅಂಚು ಖಾಲಿ ಬಿಡಿ, ಬೇಡ ಅನ್ನುವವರು ಆ ಕಡೆಯಿಂದ ಕುಡಿಯುತ್ತಾರೆ. ಮೇಲೆ ನಿಂಬೆಯ ಹಸಿರು ಸಿಪ್ಪೆಯನ್ನು ಸ್ವಲ್ಪ ತುರಿದು ಉದುರಿಸಿ. ಮದ್ಯ ಇಲ್ಲದ ಪಾನೀಯದಲ್ಲಿ ಮೂಗಿಗೆ ಮೊದಲು ಏನಾದರೂ ಸಿಗಬೇಕು, ಆ ಕೆಲಸ ಈ ಸಿಪ್ಪೆಯ ಎಣ್ಣೆ ಮಾಡುತ್ತದೆ. ಪ್ಲಾಸ್ಟಿಕ್ ಕೊಡೆ, ಚೆರ್ರಿ ಇವೆಲ್ಲ ನಿಮ್ಮ ಇಷ್ಟ.

ಹತ್ತು ನಿಮಿಷದಲ್ಲಿ ಕುಡಿದು ಮುಗಿಸಿ. ಮದ್ಯ ಇದ್ದರೆ ಹೆಪ್ಪುಗಟ್ಟುವ ಬಿಂದು ಕೆಳಗಿಳಿದು, ಫ್ರೀಜರಿನಲ್ಲಿಟ್ಟರೂ ಮೆದುವಾಗಿಯೇ ಉಳಿಯುತ್ತದೆ. ನಮ್ಮದರಲ್ಲಿ ಆ ಅನುಕೂಲ ಇಲ್ಲ. ಹೊರಗಿಟ್ಟರೆ ನೀರು ಬೇರೆ ನೊರೆ ಬೇರೆ ಆಗುತ್ತದೆ, ಫ್ರೀಜರಿನಲ್ಲಿಟ್ಟರೆ ಗಟ್ಟಿಯಾಗುತ್ತದೆ.

ಕರೆಂಟ್ ಹೋದರೆ

ಏಪ್ರಿಲ್–ಮೇ ಸಂಜೆ ಗುಡುಗು ಮಳೆ ಬಂದರೆ ಬೆಂಗಳೂರಿನಲ್ಲಿ ಕರೆಂಟ್ ನಂಬುವಂತಿಲ್ಲ. ಎಷ್ಟೋ ಮನೆಗಳ ಯುಪಿಎಸ್ ಮಿಕ್ಸಿಯ ಭಾರ ತಡೆಯುವುದಿಲ್ಲ. ನೆಂಟರನ್ನು ಕರೆದಿದ್ದರೆ ಅನಾನಸ್ ರಸವನ್ನು ಮಧ್ಯಾಹ್ನವೇ ತೆಗೆದು ಸೋಸಿ ಇಟ್ಟಿರಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಎರಡು ಲೋಟದ ಅಳತೆಗೆ ರಸ 200 ಮಿಲಿ, ತೆಂಗಿನ ಹಾಲು 100 ಮಿಲಿ, ಕಷಾಯ 40 ಮಿಲಿ, ನಿಂಬೆ ಒಂದು ದೊಡ್ಡ ಚಮಚ, ಅರ್ಧ ಚಿಕ್ಕ ಚಮಚ ಶುಂಠಿ ರಸ, ಚಿಟಿಕೆ ಉಪ್ಪು ಮತ್ತು ಒಂದು ಹಿಡಿ ಐಸ್ ಹಾಕಿ. ಕೈ ಮರಗಟ್ಟುವವರೆಗೆ ಕುಲುಕಿ, ಸೋಸಿ, ಬಟ್ಟೆಯಲ್ಲಿ ಸುತ್ತಿ ಕುಟ್ಟಿದ ಐಸಿನ ಮೇಲೆ ಸುರಿಯಿರಿ. ದಪ್ಪ ಇರುವುದಿಲ್ಲ, ರುಚಿ ಚೆನ್ನಾಗಿಯೇ ಇರುತ್ತದೆ. ಐಸನ್ನು ಕುದಿಸಿ ಆರಿಸಿದ ಅಥವಾ ಫಿಲ್ಟರ್ ನೀರಿನದೇ ಮಾಡಿಟ್ಟಿರಿ.

ಬೇರೆ ಹಣ್ಣುಗಳು

ಮಾವಿನ ಕಾಲದಲ್ಲಿ ಅರ್ಧ ಅನಾನಸ್, ಅರ್ಧ ರಸಪುರಿ ಹಾಕಿ. ಬಾದಾಮಿಗಿಂತ ರಸಪುರಿ ಇಲ್ಲಿಗೆ ಹೊಂದುತ್ತದೆ, ರಸ ಜಾಸ್ತಿ, ಜೊತೆಗೆ ಸಣ್ಣ ಹುಳಿ. ಸಕ್ಕರೆ ಒಂದು ಚಮಚ ಕಡಿಮೆ ಮಾಡಿ, ನಿಂಬೆ ಹೆಚ್ಚಿಸಿ. ಕೊಡಗಿನ ಕಡೆಯ ಪ್ಯಾಶನ್ ಫ್ರೂಟ್ ಸಿಕ್ಕರೆ ಅದರ ತಿರುಳನ್ನು ರುಬ್ಬದೆ ಬೀಜ ಸಮೇತ ಮೇಲೆ ಸುರಿಯಿರಿ. ಪಪ್ಪಾಯಿ ನನಗೆ ಸರಿಬರುವುದಿಲ್ಲ, ತೆಂಗಿನ ಹಾಲಿನ ಜೊತೆ ತುಂಬ ಮೆತ್ತಗಾಗುತ್ತದೆ. ಮನೆಯಲ್ಲಿ ಪುನರ್ಪುಳಿ ಇದ್ದರೆ ನಿಂಬೆಯ ಜಾಗಕ್ಕೆ ಅದರ ಗಟ್ಟಿ ರಸ ಹಾಕಿ ನೋಡಿ. ಬಣ್ಣ ಗುಲಾಬಿಯಾಗುತ್ತದೆ, ಒಗರು ಹುಳಿ ಎರಡೂ ಒಟ್ಟಿಗೆ ಬರುತ್ತವೆ, ಕಷಾಯಕ್ಕೆ ಟೀ ಪುಡಿ ಬೇಕಾಗುವುದಿಲ್ಲ.

ಗಮನಿಸಬೇಕಾದವು

ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಹಸುವಿನ ಹಾಲು, ಕೆನೆ ಅಥವಾ ಐಸ್‌ಕ್ರೀಮ್ ಹಾಕಿದರೆ ಸ್ವಲ್ಪ ಹೊತ್ತಿಗೇ ಕಹಿ ಬರುವುದು ಅದರಿಂದ. ಐಸ್‌ಕ್ರೀಮ್ ಬೇಕೇ ಬೇಕು ಅನ್ನುವವರು ಅನಾನಸ್ ಚೂರುಗಳನ್ನು ಐದಾರು ನಿಮಿಷ ಚೆನ್ನಾಗಿ ಬೇಯಿಸಿ, ಆರಿಸಿ ಬಳಸಿ. ಬಿಸಿಗೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ.

ಈ ಅಳತೆಯಲ್ಲಿ ಹಣ್ಣಿನದ್ದು, ಸಕ್ಕರೆಯದ್ದು, ಬೆಲ್ಲದ್ದು ಎಲ್ಲ ಸೇರಿ ಒಂದು ಲೋಟಕ್ಕೆ ಸುಮಾರು 25ರಿಂದ 30 ಗ್ರಾಂ ಸಕ್ಕರೆ ಬರುತ್ತದೆ. ಮನೆಯಲ್ಲಿ ಶುಗರ್ ಇರುವವರಿದ್ದರೆ ಮೊದಲೇ ಹೇಳಿ.

ಮದ್ಯ ಒಂದು ಹನಿಯೂ ಬೇಡ ಎನ್ನುವವರಿಗೆ ಕೊಡುವುದಾದರೆ ಬಾಟಲಿಗಳ ಮೇಲಿನ ಚೀಟಿ ಓದಿ. ಮಾಕ್‌ಟೇಲ್‌ಗಳಿಗೆ ಕೆಲವರು ನಾಲ್ಕು ಹನಿ ಹಾಕುವ ಅಂಗೊಸ್ಟುರಾ ಬಿಟರ್ಸ್‌ನಲ್ಲಿ ಶೇಕಡ 44.7ರಷ್ಟು ಮದ್ಯ ಇದೆ. ಅಸಲಿ ವೆನಿಲಾ ಎಕ್ಸ್‌ಟ್ರ್ಯಾಕ್ಟ್ ಕೂಡ ಮದ್ಯದಲ್ಲೇ ನೆನೆಸಿ ತೆಗೆದದ್ದು. ಮೇಲಿನ ವಿಧಾನದಲ್ಲಿ ಎರಡೂ ಇಲ್ಲ.

ಪಾನೀಯ ಉಳಿದರೆ ಕುಲ್ಫಿ ಅಚ್ಚಿಗೆ ಸುರಿದು ಕಡ್ಡಿ ಚುಚ್ಚಿ ಫ್ರೀಜರಿನಲ್ಲಿಡಿ. ಮರುದಿನ ಮಧ್ಯಾಹ್ನಕ್ಕೆ ಮಕ್ಕಳಿಗೆ ಐಸ್ ಕ್ಯಾಂಡಿ ತಯಾರು.